ಬರೀ ಮಾತಿಗೂ ದುಡ್ಡೇ?

ಮ್ಯೂಚುವಲ್ ಫಂಡ್ ಆ್ಯಪ್‌ಗಳಲ್ಲಿ ಖಾತೆ ತೆರೆಯುವಾಗ ಒಂದು ಪ್ರಶ್ನೆ ಸಾಮಾನ್ಯವಾಗಿ ಎದುರಾಗುತ್ತದೆ: ‘ನಿಮ್ಮ ಹೂಡಿಕೆ ಶೇ 20ರಷ್ಟು ಕುಸಿದರೆ ಏನು ಮಾಡುತ್ತೀರಿ?’ ಮಾರುತ್ತೇನೆ, ಸುಮ್ಮನಿರುತ್ತೇನೆ, ಇನ್ನಷ್ಟು ಕೊಳ್ಳುತ್ತೇನೆ. ಸೋಫಾದ ಮೇಲೆ ಕೂತು ಉತ್ತರಿಸುವಾಗ ನಾವೆಲ್ಲ ಶೂರರೇ. ನಾನೂ ಮೂರನೆಯದನ್ನೇ ಒತ್ತಿದ್ದೆ.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ, ಅಂದರೆ ಶೇ 13ರಷ್ಟು ಬಿತ್ತು. ಜನವರಿಯಲ್ಲಿ 42 ಸಾವಿರದ ಹತ್ತಿರವಿದ್ದದ್ದು 26 ಸಾವಿರಕ್ಕಿಂತ ಕೆಳಗೆ ಬಂದಿತ್ತು. ಆ್ಯಪ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು; ತೆರೆದಾಗಲೆಲ್ಲ ನಷ್ಟವನ್ನು ಪೈಸೆ ಸಮೇತ ಕೆಂಪಕ್ಷರದಲ್ಲಿ ತೋರಿಸಿತು. ಸಂಜೆ ನನ್ನ ಸಲಹೆಗಾರರು ಫೋನ್ ಮಾಡಿದರು. ಪೇಟೆಯ ಮಾತೇ ಎತ್ತಲಿಲ್ಲ. ‘ಸಂಬಳಕ್ಕೇನೂ ತೊಂದರೆ ಇಲ್ವಲ್ಲ ಸರ್? ಅಮ್ಮನ ಔಷಧಿ, ಮನೆ ಖರ್ಚಿಗೆ ಅಂತ ಇಟ್ಟ ಎಫ್‌ಡಿ ಎಷ್ಟು ತಿಂಗಳಿಗೆ ಸಾಕಾಗುತ್ತೆ?’ ಹೇಳಿದೆ. ‘ಹಾಗಾದ್ರೆ ಆ್ಯಪ್ ನೋಡ್ಬೇಡಿ’ ಎಂದು ಫೋನ್ ಇಟ್ಟರು. ವರ್ಷ ಮುಗಿಯುವುದರೊಳಗೆ ಸೆನ್ಸೆಕ್ಸ್ 47 ಸಾವಿರ ದಾಟಿತು. ಅದನ್ನು ಅವರೂ ಊಹಿಸಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ನಮ್ಮ ಮನೆಯ ಪರಿಸ್ಥಿತಿ ಮಾತ್ರ.

ಹಾಗಂತ ಮನುಷ್ಯ ಸಂಬಂಧವನ್ನು ಹಾಡಿ ಹೊಗಳಲು ನಾನು ತಯಾರಿಲ್ಲ. ನಮ್ಮಲ್ಲಿ ದುಬಾರಿ ಪಾಲಿಸಿಗಳು ಮಾರಾಟವಾಗುವುದೇ ಸಂಬಂಧದ ಬಲದ ಮೇಲೆ. ಮಾರ್ಚ್ ತಿಂಗಳ ತೆರಿಗೆ ಅವಸರದಲ್ಲಿ ಚಿಕ್ಕಪ್ಪನ ಭಾವಮೈದುನ ಮನೆಗೆ ಬಂದು, ಕಾಫಿ ಕುಡಿದು, ಎಂಡೋಮೆಂಟ್ ಪಾಲಿಸಿಯ ಫಾರ್ಮ್ ಮುಂದಿಟ್ಟರೆ ‘ಬೇಡ’ ಎನ್ನುವ ಧೈರ್ಯ ಎಷ್ಟು ಜನರಿಗಿದೆ? ದಾಕ್ಷಿಣ್ಯಕ್ಕೆ ಸಹಿ ಹಾಕಿ ಇಪ್ಪತ್ತು ವರ್ಷ ಕಂತು ಕಟ್ಟುತ್ತೇವೆ. ಬ್ಯಾಂಕಿನ ರಿಲೇಷನ್‌ಶಿಪ್ ಮ್ಯಾನೇಜರ್ ಇನ್ನೊಂದು ಬಗೆ. (ಹೆಸರು ನೆನಪಾಗುವಷ್ಟರಲ್ಲಿ ವರ್ಗವಾಗಿ ಹೋಗಿರುತ್ತಾರೆ.)

ಆ್ಯಪ್‌ಗೆ ಈ ದಾಕ್ಷಿಣ್ಯದ ಹಂಗಿಲ್ಲ. ವಿತರಕರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲ್ಯಾನ್‌ಗಳು 2013ರ ಜನವರಿಯಿಂದಲೇ ಇದ್ದರೂ ನನ್ನಂಥವರ ಕೈಗೆ ಸಲೀಸಾಗಿ ಸಿಕ್ಕಿದ್ದು ಆ್ಯಪ್ ಬಂದ ಮೇಲೆ. ತಿಂಗಳಿಗೆ 10,000 ರೂಪಾಯಿಯಂತೆ 20 ವರ್ಷ ಎಸ್‌ಐಪಿ ಕಟ್ಟಿದಿರಿ, ವರ್ಷಕ್ಕೆ ಶೇ 12 ಗಳಿಕೆ ಬಂತು ಎಂದುಕೊಳ್ಳೋಣ. ಕೈಗೆ ಸುಮಾರು ಒಂದು ಕೋಟಿ. ಅದರಲ್ಲಿ ಶೇ 1 ಕಮಿಷನ್ನಿಗೆ ಹೋಗಿ ಶೇ 11 ಉಳಿದರೆ 87 ಲಕ್ಷದ ಆಸುಪಾಸು. ನಡುವಿನ 12–13 ಲಕ್ಷ ಸಣ್ಣದಲ್ಲ.

ಆ್ಯಪ್ ಮೇಲೋ ಮನುಷ್ಯರು ಮೇಲೋ ಎಂಬ ವಿಚಾರ ಬಂದಾಗ ಕರಾವಳಿಯವನಾದ ನನಗೆ ನೆನಪಾಗುವುದು ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಮನೆಬಾಗಿಲಲ್ಲೇ ಸಂಗ್ರಹಿಸಲು ಶುರುಮಾಡಿತು. ಆಮೇಲೆ ಪಿಗ್ಮಿ ಎಂಬ ಹೆಸರು ಊರೂರಿನ ಸೊಸೈಟಿಗಳಿಗೂ ಹಬ್ಬಿತು. ನಮ್ಮ ಅಂಗಡಿಗೆ ಸಂಜೆ ಬರುತ್ತಿದ್ದ ಪಿಗ್ಮಿಯವರಿಗೆ ವ್ಯಾಪಾರ ಹೇಗಾಗಿದೆ ಎಂದು ಅಪ್ಪನ ಮುಖ ನೋಡಿಯೇ ತಿಳಿಯುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ‘ಇವತ್ತು ಬೇಡ ಶೆಟ್ರೆ, ನಾಳೆ ಸೇರಿಸಿ ಕೊಡಿ’ ಎನ್ನುವರು. ಅಕ್ಕನ ಮದುವೆ ಹತ್ತಿರ ಬಂದಾಗ ‘ದಿನಕ್ಕೆ ಹತ್ತು ರೂಪಾಯಿ ಜಾಸ್ತಿ ಮಾಡುವಾ’ ಎಂದು ನೆನಪಿಸಿದ್ದೂ ಅವರೇ. ಕಾರ್ಡಿನಲ್ಲಿ ಬರೆದದ್ದಕ್ಕೂ ಲೆಡ್ಜರಿನಲ್ಲಿದ್ದದ್ದಕ್ಕೂ ತಾಳೆಯಾಗದೆ ಹಣ ಕಳೆದುಕೊಂಡವರ ಕಥೆಗಳೂ ಆಗ ಕಿವಿಗೆ ಬೀಳುತ್ತಿದ್ದವು ಅನ್ನಿ. ಈಗ ಪಿಗ್ಮಿಯವರ ಕೈಯಲ್ಲಿ ಪುಟ್ಟ ಮೆಷಿನ್ ಇದೆ. ನೋಟು ಕೊಟ್ಟ ತಕ್ಷಣ ಚೀಟಿ, ಮೊಬೈಲ್‌ಗೆ ಮೆಸೇಜು. ತಂತ್ರಜ್ಞಾನದಿಂದ ನಾನು ಬಯಸುವುದು ಇಷ್ಟನ್ನೇ. ಲೆಕ್ಕ ಅದು ಕಾಯಲಿ, ಸುಖ-ಕಷ್ಟ ಮನುಷ್ಯರು ವಿಚಾರಿಸಲಿ.

ಹಾಗಾಗಿ ನನ್ನ ಹೂಡಿಕೆ ಆ್ಯಪ್ ಮೂಲಕ, ಡೈರೆಕ್ಟ್ ಪ್ಲ್ಯಾನ್‌ನಲ್ಲಿ. ಸಲಹೆಗೆ ವರ್ಷಕ್ಕೊಮ್ಮೆ ಬೇರೆಯೇ ಫೀಸು. ‘ಬರೀ ಮಾತಿಗೆ ದುಡ್ಡು ಕೊಡ್ತೀಯಲ್ಲ ಮಾರಾಯ!’ ಎಂದು ಅಣ್ಣ ನಗುತ್ತಾನೆ. ಅವನ ಪಾಲಿಸಿಗಳ ಕಮಿಷನ್ ಅವನ ಕಣ್ಣಿಗೆ ಬಿದ್ದಿಲ್ಲ, ನನ್ನ ಫೀಸು ಬಿದ್ದಿದೆ. ಆ ಫೀಸಿಗೆ ಕಳೆದ ಸಲ ಸಿಕ್ಕಿದ್ದೂ ಒಂದು ಪ್ರಶ್ನೆಯೇ. ಸಲಹೆಗಾರರು ನನ್ನ ಹೆಂಡತಿಯನ್ನೂ ಕರೆಸಿ ಕೂರಿಸಿ, ‘ನಾಳೆ ಸಾರ್‌ಗೆ ಏನಾದ್ರೂ ಆದ್ರೆ ಮೊದಲು ಯಾವ ಹಣ ತೆಗೀತೀರಿ ಮೇಡಂ?’ ಎಂದರು. ಆ್ಯಪ್‌ನಲ್ಲಿ ನಾಮಿನಿ ಕಾಲಂ ಭರ್ತಿಯಾಗಿ ಹಸಿರು ಟಿಕ್ ಬಿದ್ದು ಯಾವುದೋ ಕಾಲವಾಗಿತ್ತು. ಆ ದಿನದ ಉಳಿದ ಮಾತೆಲ್ಲ ಅವರಿಬ್ಬರದೇ.

ಸಲಹೆಗಾರರನ್ನು ಹುಡುಕುವವರು ಮೊದಲು ನೋಂದಣಿ ಸಂಖ್ಯೆ ಕೇಳಬೇಕು. ಸೆಬಿಯಲ್ಲಿ ನೋಂದಾಯಿಸಿದ ಹೂಡಿಕೆ ಸಲಹೆಗಾರರದು ‘ಐಎನ್‌ಎ’ ಎಂದು ಶುರುವಾಗುತ್ತದೆ. ‘ಎಆರ್‌ಎನ್’ ಇದ್ದರೆ ಅವರು ಕಮಿಷನ್ ಪಡೆಯುವ ವಿತರಕರು. ತಪ್ಪೇನಿಲ್ಲ, ನಮಗೆ ಗೊತ್ತಿರಬೇಕಷ್ಟೆ. ಕೃತಕ ಬುದ್ಧಿಮತ್ತೆಯನ್ನು ಎಷ್ಟರ ಮಟ್ಟಿಗೆ ಬಳಸುತ್ತೇವೆ ಎಂದು ಸಲಹೆಗಾರರು ಗ್ರಾಹಕರಿಗೆ ತಿಳಿಸಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸೆಬಿ ನಿಯಮ ತಂದಿದೆ. ಅದನ್ನೂ ಕೇಳಿ. ನಾನು ಕೇಳಿದಾಗ ನಮ್ಮವರು ಜೋರಾಗಿ ನಕ್ಕರು. ‘ಟೇಬಲ್ಲು, ಗ್ರಾಫು ಎಲ್ಲ ಅದೇ ಮಾಡ್ಕೊಡುತ್ತೆ ಸರ್. ಎಡವಟ್ಟಾದ್ರೆ ನಿಮ್ಮ ಹತ್ರ ಬೈಸಿಕೊಳ್ಳೋದು ಮಾತ್ರ ನಾನೇ.’