ಹಾಲಿನ ಹಣದಲ್ಲಿ ಪೆಟ್ರೋಲ್ ಬಂಕಿನ ಪಾಲೆಷ್ಟು? ಚಿಕ್ಕ ಗುರಿ, ಖಚಿತ ಉಳಿತಾಯ



ಹೈನುಗಾರಿಕೆಯ ಖರ್ಚೇನು ಎಂದು ಕೇಳಿದರೆ ಹಿಂಡಿ, ಬೂಸಾ, ಮೇವು, ಔಷಧಿ, ಕೂಲಿ ಎಂದು ಎಲ್ಲರೂ ಬೆರಳು ಮಡಿಸಿ ಎಣಿಸುತ್ತಾರೆ. ಬೈಕಿಗೆ ಹಾಕಿಸುವ ಪೆಟ್ರೋಲ್ ಮಾತ್ರ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದು ನೂರು, ಇನ್ನೂರು ಎಂದು ಜೇಬಿನಿಂದ ಹೋಗಿ ಮನೆಖರ್ಚಿನಲ್ಲಿ ಸೇರಿಕೊಳ್ಳುತ್ತದೆ. ಆದರೆ ಡೇರಿಗೆ ಹಾಲು ಒಯ್ಯುವುದು, ಹೊಲದಿಂದ ಹುಲ್ಲು ತರುವುದು, ಪೇಟೆಯಿಂದ ಔಷಧಿ ತರುವುದು ಇವೆಲ್ಲ ಹಸುವಿನ ಲೆಕ್ಕಕ್ಕೇ ಸೇರಬೇಕಾದ ಓಡಾಟಗಳು.

ಹಾಲಿನ ದರ ನಿಮ್ಮ ಕೈಯಲ್ಲಿಲ್ಲ, ಪೆಟ್ರೋಲ್ ದರವೂ ಇಲ್ಲ. ಗಾಡಿ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಬೇಕು ಎಂಬುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ.

ಮೊದಲು ಲೆಕ್ಕ

ಎರಡು ಕರೆಯುವ ಹಸುಗಳಿದ್ದು, ದಿನಕ್ಕೆ 20 ಲೀಟರ್ ಹಾಲು ಹಾಕುವ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೈಕು ಲೀಟರಿಗೆ 50 ಕಿ.ಮೀ. ಕೊಡುತ್ತದೆ. ಲೆಕ್ಕ ಸುಲಭವಾಗಲೆಂದು ಪೆಟ್ರೋಲ್ ಲೀಟರಿಗೆ 100 ರೂ. ಎಂದು ಇಟ್ಟುಕೊಂಡರೆ, ಕಿಲೋಮೀಟರಿಗೆ 2 ರೂ. ಬೀಳುತ್ತದೆ.

• ಡೇರಿ 2 ಕಿ.ಮೀ. ದೂರ, ದಿನಕ್ಕೆ ಎರಡು ಸಲ ಹೋಗಿಬಂದರೆ ತಿಂಗಳಿಗೆ 240 ಕಿ.ಮೀ.
• ಮೇವಿನ ಹೊಲ 3 ಕಿ.ಮೀ. ದೂರ, ದಿನಕ್ಕೊಂದು ಸಲ ಹೋಗಿಬಂದರೆ 180 ಕಿ.ಮೀ.
• ಪೇಟೆ 12 ಕಿ.ಮೀ. ದೂರ, ವಾರಕ್ಕೆ ಮೂರು ಸಲದಂತೆ ತಿಂಗಳಿಗೆ 12 ಸಲ ಹೋಗಿಬಂದರೆ 288 ಕಿ.ಮೀ.

ಒಟ್ಟು 708 ಕಿ.ಮೀ., ಅಂದರೆ 1,416 ರೂ. ಆ ತಿಂಗಳು ಡೇರಿಗೆ ಹಾಕಿದ ಹಾಲು 600 ಲೀಟರ್. ಹಾಗಾದರೆ ಪ್ರತಿ ಲೀಟರ್ ಹಾಲಿನಲ್ಲಿ 2 ರೂ. 36 ಪೈಸೆ ಬಂಕಿಗೆ ಹೋಯಿತು! ಹಾಲಿನ ದರ ಒಂದು ರೂಪಾಯಿ ಏರಿತೇ ಇಳಿಯಿತೇ ಎಂದು ಕಾಯುವ ನಾವು ಈ ಎರಡು ರೂಪಾಯಿಯನ್ನು ಗಮನಿಸುವುದಿಲ್ಲ.

ನಿಮ್ಮ ಮನೆಯ ಅಂಕಿಗಳು ಬೇರೆ ಇರುತ್ತವೆ. ಅವನ್ನು ತಿಳಿಯಲು ಒಂದು ಸಲ ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರಿನ ಅಂಕಿ ಬರೆದಿಡಿ. ಎಂದಿನಂತೆ ಓಡಿಸಿ. ಮತ್ತೆ ಪೂರ್ತಿ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತು ಎಂದು ನೋಡಿ. ಓಡಿದ ಕಿಲೋಮೀಟರನ್ನು ಆ ಲೀಟರಿನಿಂದ ಭಾಗಿಸಿದರೆ ನಿಮ್ಮ ಗಾಡಿಯ ನಿಜವಾದ ಮೈಲೇಜ್ ಸಿಗುತ್ತದೆ.

ಆಸೆ ಬೇರೆ, ಗುರಿ ಬೇರೆ

"ಇನ್ನು ಮುಂದೆ ಪೆಟ್ರೋಲ್ ಉಳಿಸಬೇಕು" ಎಂಬುದು ಆಸೆ. "ಈ ತಿಂಗಳು ಪೇಟೆಗೆ 12 ಸಲದ ಬದಲು 6 ಸಲ ಹೋಗುತ್ತೇನೆ" ಎಂಬುದು ಗುರಿ. ಗುರಿಗೆ ಒಂದು ಅಂಕಿ ಇರಬೇಕು, ಒಂದು ಗಡುವು ಇರಬೇಕು, ಅದು ನಮ್ಮ ಕೈಗೆಟುಕುವಂತಿರಬೇಕು.

ಇದು ನಿಮಗೆ ಹೊಸ ಪಾಠವಲ್ಲ. 8 ಲೀಟರ್ ಕೊಡುವ ಹಸು ಮುಂದಿನ ವಾರ 16 ಲೀಟರ್ ಕೊಡಲಿ ಎಂದು ಹಿಂಡಿ ಸುರಿದರೆ ಏನಾಗುತ್ತದೆ? ಹೊಟ್ಟೆ ಕೆಟ್ಟು, ಇದ್ದ ಹಾಲೂ ಇಳಿಯುತ್ತದೆ. ಆಹಾರ ಬದಲಿಸುವಾಗ ದಿನಕ್ಕಿಷ್ಟು ಎಂದು ಒಂದು ವಾರ, ಹತ್ತು ದಿನ ಹಿಡಿದು ಬದಲಿಸುತ್ತೇವೆ. ಮನುಷ್ಯನ ಅಭ್ಯಾಸವೂ ಹಾಗೆಯೇ. ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋದವರು ನಾಲ್ಕನೇ ದಿನಕ್ಕೆ ಕೈಬಿಡುತ್ತಾರೆ. ಆದ್ದರಿಂದ ತಿಂಗಳಿಗೆ ಒಂದೇ ಗುರಿ ಸಾಕು.

ಮೂರು ತಿಂಗಳು, ಮೂರು ಗುರಿ

ಮೊದಲ ತಿಂಗಳು: ಪೇಟೆಯ ಓಡಾಟ ಅರ್ಧಕ್ಕೆ. ಅಡುಗೆಮನೆಯ ಗೋಡೆಗೆ ಒಂದು ಚೀಟಿ ತೂಗುಹಾಕಿ. ಬೇಕಾದದ್ದನ್ನು ಮನೆಯವರೆಲ್ಲ ಅದರಲ್ಲಿ ಬರೆಯಲಿ. ಔಷಧಿ, ಬ್ಯಾಂಕು, ಬೀಜ, ರಿಪೇರಿ ಎಲ್ಲವನ್ನೂ ಸಂತೆಯ ದಿನಕ್ಕೆ ಕೂಡಿಸಿ. ಪಶು ಆಹಾರ ಮತ್ತು ಖನಿಜ ಮಿಶ್ರಣ ಸಂಘದಲ್ಲಿ ಸಿಗುವಾಗ ಅದಕ್ಕಾಗಿ ಪೇಟೆಗೆ ಹೋಗುವ ಅಗತ್ಯವಿಲ್ಲ. ಹಾಲು ಹಾಕಿ ಬರುವಾಗಲೇ ತನ್ನಿ. 6 ಓಡಾಟ ತಪ್ಪಿದರೆ 144 ಕಿ.ಮೀ., ಅಂದರೆ 288 ರೂ. ಉಳಿತಾಯ.

ಎರಡನೇ ತಿಂಗಳು: ಡೇರಿಗೆ ಸರದಿ. ಪಕ್ಕದ ಮನೆಯವರೂ ಅದೇ ಹೊತ್ತಿಗೆ ಹಾಲು ಹಾಕುತ್ತಿದ್ದರೆ ಒಂದು ದಿನ ನೀವು, ಒಂದು ದಿನ ಅವರು ಎಂದು ಮಾತಾಡಿಕೊಳ್ಳಿ. ಒಂದು ಎಚ್ಚರಿಕೆ: ಇಬ್ಬರ ಹಾಲನ್ನು ಒಂದೇ ಕ್ಯಾನಿಗೆ ಸುರಿಯಬೇಡಿ. ಫ್ಯಾಟ್, ಎಸ್‌ಎನ್‌ಎಫ್ ಪರೀಕ್ಷೆ ಅವರವರ ಹಾಲಿಗೇ ಆಗಬೇಕು, ಚೀಟಿ ಅವರವರ ಹೆಸರಿಗೇ ಬರಬೇಕು. ಕ್ಯಾನಿನ ಮೇಲೆ ಹೆಸರು ಬರೆದರೆ ಗೊಂದಲವಿಲ್ಲ. ಉಳಿತಾಯ 120 ಕಿ.ಮೀ., 240 ರೂ.

ಮೂರನೇ ತಿಂಗಳು: ಮೇವು ಮನೆಯ ಹತ್ತಿರಕ್ಕೆ. ಇದಕ್ಕೆ ಮೊದಲ ತಿಂಗಳೇ ಕೈ ಹಾಕಬೇಕು. ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ ನೇಪಿಯರ್ ಕಡ್ಡಿ ನೆಡಿ. ಸುಮಾರು 75 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 45 ದಿನಕ್ಕೊಮ್ಮೆ ಸಿಗುತ್ತದೆ. ಹಸಿ ನೇಪಿಯರಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ ಎಂಬುದು ನೆನಪಿರಲಿ. ಅಂದರೆ ದಿನವೂ ಬೈಕಿನ ಮೇಲೆ ನಾವು ಹೊರುವುದು ಹೆಚ್ಚಾಗಿ ನೀರನ್ನು! ಮುಸುಕಿನ ಜೋಳ ಬೆಳೆದವರು ಕಾಳು ಹಾಲು ತುಂಬಿ ಗಟ್ಟಿಯಾಗುವ ಹಂತದಲ್ಲಿ ಕೊಯ್ದು, ಒಂದೇ ಸಲ ಗಾಡಿಯಲ್ಲಿ ತಂದು, ಚಿಕ್ಕದಾಗಿ ಕತ್ತರಿಸಿ, ಗಾಳಿಯಾಡದಂತೆ ಒತ್ತಿ ರಸಮೇವು ಮಾಡಿಟ್ಟರೆ 45 ದಿನಗಳ ನಂತರ ಕೊಟ್ಟಿಗೆಯಲ್ಲೇ ಮೇವು ಸಿದ್ಧ. ಹೊಲದ ಓಡಾಟ ಅರ್ಧವಾದರೆ 90 ಕಿ.ಮೀ., 180 ರೂ. ಉಳಿತಾಯ.

ಮೂರೂ ಕೂಡಿದರೆ ತಿಂಗಳಿಗೆ 708 ರೂ., ವರ್ಷಕ್ಕೆ 8,496 ರೂ.

ಗಾಡಿಯ ಆರೈಕೆ

ಅದೇ ಬೈಕು 50ರ ಬದಲು 40 ಕಿ.ಮೀ. ಮೈಲೇಜ್ ಕೊಟ್ಟರೆ, ಆ 708 ಕಿ.ಮೀ.ಗೆ 1,416 ರೂ. ಬದಲು 1,770 ರೂ. ಬೇಕು. ಆದ್ದರಿಂದ:

1. ವಾರಕ್ಕೊಮ್ಮೆ ಟೈರಿನ ಗಾಳಿ ನೋಡಿ. ಗಾಳಿ ಕಡಿಮೆಯಾದ ಗಾಡಿ ಎಂಜಿನ್ನಿಗೆ ಭಾರ.
2. ಚೈನಿಗೆ ಎಣ್ಣೆ ಹಾಕಿ. ಮಣ್ಣುದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಶುಚಿಯಾಗಿಡಿ.
3. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗದಿದ್ದರೆ ಬ್ರೇಕು ಹಿಡಿಯುತ್ತಿದೆ ಎಂದರ್ಥ.
4. ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡಿಸಿ. ಸುಮ್ಮನೆ ಕ್ಲಚ್ ಹಿಡಿಯುವುದು ಬೇಡ.
5. ಡೇರಿಯ ಸಾಲಿನಲ್ಲಿ ನಿಂತಾಗ ಎಂಜಿನ್ ಆಫ್ ಮಾಡಿ.

ಮನೆಯಲ್ಲಿ ಕಾರಿದ್ದರೆ ಇನ್ನೊಂದು ಲೆಕ್ಕವನ್ನೂ ನೋಡಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ 24 ಕಿ.ಮೀ. ಪೇಟೆಗೆ ಹೋಗಿಬಂದರೆ 160 ರೂ.; ಬೈಕಿನಲ್ಲಿ 48 ರೂ. ಒಬ್ಬರೇ ಹೋಗಿ ಒಂದು ಬಾಟಲಿ ಔಷಧಿ ತರಲು ಕಾರು ತೆಗೆಯಬೇಡಿ. ಕಾರು ತೆಗೆದ ದಿನ ಅಕ್ಕಪಕ್ಕದವರನ್ನೂ ಕರೆದು ಎಲ್ಲರ ಕೆಲಸ ಮುಗಿಸಿ ಬನ್ನಿ. ಡಿಕ್ಕಿಯಲ್ಲಿ ತಿಂಗಳಿಂದ ಬಿದ್ದಿರುವ ಭಾರವನ್ನು ಇಳಿಸಿಡಿ.

ಇಲ್ಲಿ ಮಾತ್ರ ಉಳಿಸಬೇಡಿ

ಪಶುವೈದ್ಯನಾಗಿ ಈ ಮಾತು ಹೇಳಲೇಬೇಕು. ಸಂಜೆಯ ಹಾಲನ್ನು ಬೆಳಗ್ಗೆ ಒಟ್ಟಿಗೆ ಹಾಕಿದರೆ ಒಂದು ಓಡಾಟ ಉಳಿಯಿತು ಎಂದುಕೊಳ್ಳಬೇಡಿ. ತಣ್ಣಗಾಗದ ಹಾಲಿನಲ್ಲಿ ಸೂಕ್ಷ್ಮಾಣುಗಳು ಗಂಟೆಗಂಟೆಗೂ ಹೆಚ್ಚುತ್ತವೆ. ಹಾಲು ಒಡೆದರೆ ಹೋಗುವುದು 8 ರೂಪಾಯಿಯ ಪೆಟ್ರೋಲ್ ಅಲ್ಲ, 10 ಲೀಟರ್ ಹಾಲಿನ ಬೆಲೆ. ನಿಮ್ಮ ಒಂದು ಕ್ಯಾನಿನಿಂದ ಇಡೀ ಊರಿನ ಹಾಲೂ ಕೆಡಬಹುದು.

ಹಾಗೆಯೇ ಹಸು ಮೇವು ಬಿಟ್ಟಾಗ, ಕರು ಹಾಕಲು ತಿಣುಕುವಾಗ, ಕೆಚ್ಚಲು ಬಾತಾಗ ನಾಳೆ ನೋಡೋಣ ಎನ್ನಬೇಡಿ. ಹಸುವನ್ನು ಟೆಂಪೊಗೆ ಹತ್ತಿಸುವ ಮೊದಲು ಸಂಘದ ಮೂಲಕ ವೈದ್ಯರಿಗೆ ತಿಳಿಸಿ, ಇಲ್ಲವೇ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಘಟಕಕ್ಕೆ 1962ಕ್ಕೆ ಕರೆ ಮಾಡಿ. ಈ ಕರೆ ಉಚಿತ. ತುರ್ತಲ್ಲದ ವಿಷಯಗಳನ್ನು ಬೆಳಗ್ಗೆ ಹಾಲು ಹಾಕುವಾಗಲೇ ಕಾರ್ಯದರ್ಶಿಯವರ ಬಳಿ ಬರೆಸಿದರೆ ಒಂದೇ ಸುತ್ತಿನಲ್ಲಿ ನಾಲ್ಕೈದು ಮನೆಗಳಿಗೆ ಬರಲು ನಮಗೂ ಅನುಕೂಲ. ಬೆದೆಯ ವಿಷಯವೂ ಅಷ್ಟೇ: ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸಿ. ಹೊತ್ತು ತಪ್ಪಿದರೆ ಮತ್ತೆ 21 ದಿನ ಕಾಯಬೇಕು, ಮತ್ತೆ ಓಡಾಡಬೇಕು.

ಉಳಿದ ಹಣಕ್ಕೂ ಹೆಸರಿಡಿ

ಉಳಿದ ಹಣಕ್ಕೆ ಒಂದು ಕೆಲಸ ಗೊತ್ತುಮಾಡದಿದ್ದರೆ ಅದು ಹೇಗೆ ಬಂತೋ ಹಾಗೆಯೇ ಹೋಗುತ್ತದೆ. ಬಟವಾಡೆಯ ದಿನವೇ ಅದನ್ನು ತೆಗೆದಿಡಿ. ದಿನಕ್ಕೆ 50 ಗ್ರಾಂನಂತೆ ಎರಡು ಹಸುಗಳಿಗೆ ತಿಂಗಳಿಗೆ 3 ಕೆ.ಜಿ. ಖನಿಜ ಮಿಶ್ರಣ ಬೇಕು, ಮೊದಲು ಅದು. ಮಿಕ್ಕಿದ್ದನ್ನು ಹಸುಗಳ ವಿಮೆಯ ಕಂತಿಗೆ ಕೂಡಿಡಿ.

ಇಂದು ಸಂಜೆ ಡೇರಿಗೆ ಹೊರಡುವ ಮೊದಲು ಬೈಕಿನ ಮೀಟರಿನ ಅಂಕಿಯನ್ನು ಹಾಲಿನ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಳ್ಳಿ. ಮುಂದಿನ ತಿಂಗಳು ಇದೇ ದಿನ ಮತ್ತೊಮ್ಮೆ ಬರೆಯಿರಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಮೊದಲ ಗುರಿಯನ್ನು ತೋರಿಸುತ್ತದೆ.