ಹಸಿ ಉರುವಲು, ಹೊಗೆ ಮತ್ತು ಗೃಹಿಣಿಯ ಕಣ್ಣು

ಬೀಜ, ಗೊಬ್ಬರ, ಮೇವುಗಳನ್ನು ಮಳೆಗಾಲಕ್ಕೆ ಮುಂಚೆ ಜೋಪಾನ ಮಾಡುವ ರೈತ ಬಾಂಧವರು ಉರುವಲಿನ ಕಡೆ ಅಷ್ಟಾಗಿ ಗಮನ ಕೊಡುವುದಿಲ್ಲ. ಹೊಲದಿಂದ ತಂದ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಮತ್ತು ಕುಳ್ಳು ಹಿತ್ತಲಿನಲ್ಲಿ ನೆನೆಯುತ್ತಿರುತ್ತವೆ. ಆಷಾಢ, ಶ್ರಾವಣಗಳಲ್ಲಿ ಅದೇ ಉರುವಲು ಒಲೆ ಸೇರಿ ಅಡುಗೆಮನೆಯ ತುಂಬ ಹೊಗೆ ಕವಿಯುತ್ತದೆ. ಇದಕ್ಕೆ ಮೊದಲು ತುತ್ತಾಗುವುದು ಒಲೆಯ ಮುಂದೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕಣ್ಣು.

ಬಡ ಕುಟುಂಬಗಳಿಗೆ ಅಡುಗೆ ಅನಿಲ ಒದಗಿಸುವ ಉಜ್ವಲಾ ಯೋಜನೆ 2016ರ ಮೇ ತಿಂಗಳಲ್ಲಿ ಪ್ರಾರಂಭವಾಯಿತು. ಆದರೂ ಸಿಲಿಂಡರ್ ಬಂದ ಎಷ್ಟೋ ಮನೆಗಳಲ್ಲಿ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆಯ ಒಲೆಯೇ ಉರಿಯುತ್ತದೆ.

ಹೊಗೆ ಏಕೆ ಬರುತ್ತದೆ?

ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ನೀರಿರುತ್ತದೆ. ಚೆನ್ನಾಗಿ ಒಣಗಿದಾಗ ಇದು ಶೇಕಡಾ 15-20ಕ್ಕೆ ಇಳಿಯುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 600 ಕಿಲೋ ಕ್ಯಾಲೊರಿ ಶಾಖ ಬೇಕು. ಪಾತ್ರೆಗೆ ಸೇರಬೇಕಾದ ಶಾಖ ಹೀಗೆ ಖರ್ಚಾಗಿ ಉರಿ ತಣ್ಣಗಾಗುತ್ತದೆ. ಆಗ ಕಟ್ಟಿಗೆಯಿಂದ ಹೊರಟ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗುತ್ತವೆ. ಅಂದರೆ, ಹೊಗೆಯೆಂಬುದು ವ್ಯರ್ಥವಾದ ಉರುವಲೇ.

ಕಣ್ಣಿಗಾಗುವ ಹಾನಿ

ಹೊಗೆಯ ಸೂಕ್ಷ್ಮ ಮಸಿಕಣಗಳು ಮತ್ತು ಫಾರ್ಮಾಲ್ಡಿಹೈಡ್‌ನಂತಹ ಅನಿಲಗಳಿಂದ ಕಣ್ಣು ಉರಿದು ಕೆಂಪಾಗಿ ನೀರು ಸುರಿಯುತ್ತದೆ. ಇದು ತಕ್ಷಣದ ಪರಿಣಾಮ. ವರ್ಷಗಟ್ಟಲೆ ಹೊಗೆ ಸೇವಿಸಿದಾಗ ಅದರ ವಿಷಾಂಶಗಳು ರಕ್ತದ ಮೂಲಕ ದೇಹದಲ್ಲಿ ಹರಡಿ, ಕಣ್ಣಿನ ಮಸೂರ ಮಬ್ಬಾಗಿ ಪೊರೆ ಬೆಳೆಯಲು ನೆರವಾಗಬಹುದು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಅಂಶಗಳನ್ನು ಪರಿಶೀಲಿಸಿದಾಗ, ಕಟ್ಟಿಗೆ, ಕುಳ್ಳು ಉರಿಸುವ ಮನೆಗಳಲ್ಲಿ ಭಾಗಶಃ ಅಂಧತ್ವ ಹೆಚ್ಚಾಗಿ ಕಂಡುಬಂದಿತು. ವಯಸ್ಸು, ಸಕ್ಕರೆ ಕಾಯಿಲೆಗಳೂ ಪೊರೆಗೆ ಕಾರಣಗಳು. ಆದರೆ ಹೊಗೆಯನ್ನು ನಾವು ತಡೆಯಬಹುದು.

ಅನುಸರಿಸಬೇಕಾದ ಕ್ರಮಗಳು

1. ಹತ್ತಿಕಟ್ಟಿಗೆಯಲ್ಲಿ ಉಳಿದ ಕಾಯಿಗಳನ್ನು ಕಿತ್ತು ಸುಡಬೇಕು. ಇಲ್ಲವಾದರೆ ಅವುಗಳಲ್ಲಿ ಅಡಗಿದ ಗುಲಾಬಿ ಕಾಯಿಕೊರಕ ಮುಂದಿನ ಬೆಳೆಗೆ ದಾಟುತ್ತದೆ. ಇದೇ ಕಾರಣಕ್ಕೆ ಹತ್ತಿಕಟ್ಟಿಗೆಯನ್ನು ಬೇಸಿಗೆಯಲ್ಲೇ ಉರಿಸಿ ಮುಗಿಸಿ, ತೊಗರಿಕಟ್ಟಿಗೆಯನ್ನು ಮಳೆಗಾಲಕ್ಕೆ ಉಳಿಸುವುದು ಒಳ್ಳೆಯದು.

2. ಉರುವಲನ್ನು ಬಿಸಿಲಿನಲ್ಲಿ ಒಣಗಿಸಿ, ಮೃಗಶಿರಾ ಮಳೆಗೆ ಮುಂಚೆ ನೆಲ ಬಿಟ್ಟು ಎತ್ತರದಲ್ಲಿ ಒಟ್ಟಬೇಕು. ಮೇಲೆ ತಗಡು ಹೊದಿಸಿ, ಬದಿಗಳಲ್ಲಿ ಗಾಳಿಯಾಡಲು ಬಿಡಬೇಕು.

3. ದಪ್ಪ ಕಟ್ಟಿಗೆಯನ್ನು ಸೀಳಿ, ಸ್ವಲ್ಪ ಸ್ವಲ್ಪವಾಗಿ ಒಲೆಗೆ ಹಾಕಬೇಕು. ಬೂದಿಯನ್ನು ಆಗಾಗ್ಗೆ ತೆಗೆಯಬೇಕು. ಪ್ಲಾಸ್ಟಿಕ್ ಅಥವಾ ಔಷಧದ ಖಾಲಿ ಚೀಲಗಳಿಂದ ಒಲೆ ಹೊತ್ತಿಸಕೂಡದು.

4. ಒಲೆಗೆ ಹೊಗೆಕೊಳವೆ ಅಳವಡಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಇದಕ್ಕೆ ಉತ್ತಮ ಮಾದರಿ. ಕೊಳವೆಯ ಮಸಿಯನ್ನು ತೆಗೆಯುತ್ತಿರದಿದ್ದರೆ ಹೊಗೆ ಮತ್ತೆ ಒಳಗೇ ತಿರುಗುತ್ತದೆ.

5. ನಾಲ್ಕೈದು ದನಗಳಿದ್ದರೆ ಗೋಬರ್ ಗ್ಯಾಸ್ ಲಾಭಕರ. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಾಕು. ಕುಳ್ಳು ಸುಟ್ಟರೆ ಸಗಣಿಯ ಸಾರಜನಕ ನಷ್ಟವಾಗುತ್ತದೆ. ಘಟಕದಿಂದ ಹೊರಬರುವ ಬಗ್ಗಡ ಹೊಲಕ್ಕೆ ಒಳ್ಳೆಯ ಗೊಬ್ಬರ.

6. ಉರಿಯುವ ಕಣ್ಣನ್ನು ಶುದ್ಧ ನೀರಿನಿಂದ ತೊಳೆಯಬೇಕು. ಹರಳೆಣ್ಣೆ, ಜೇನುತುಪ್ಪ, ಎಲೆರಸಗಳನ್ನು ಹಾಕಬಾರದು. ದೃಷ್ಟಿ ಮಂಜಾದರೆ ತಡಮಾಡದೆ ನೇತ್ರವೈದ್ಯರಿಗೆ ತೋರಿಸಬೇಕು. ಬೆಳೆದ ಪೊರೆಯನ್ನು ಯಾವ ಹನಿ ಔಷಧವೂ ಕರಗಿಸದು. ಶಸ್ತ್ರಚಿಕಿತ್ಸೆಯೇ ಅದಕ್ಕೆ ಪರಿಹಾರ.

ಒಲೆ ಉರಿಸುವವರು ಹೆಣ್ಣುಮಕ್ಕಳಾದರೂ, ಉರುವಲನ್ನು ಒಣಗಿಸಿ ಒಟ್ಟುವ ಹೊಣೆ ಮನೆಯ ಗಂಡಸರದು. ಸುಗ್ಗಿ ಮುಗಿದ ಮೇಲೆ ಎರಡು ದಿನ ಇದಕ್ಕೆ ಮೀಸಲಿಟ್ಟರೆ ಮಳೆಗಾಲವಿಡೀ ಹೊಗೆಯ ಕಾಟ ಬಹುಮಟ್ಟಿಗೆ ತಗ್ಗುತ್ತದೆ.