ಬರೀ ಜ್ವರ ಅಂತ ಬರೆಯಬೇಡ, ತಂಗೀ

ತಂಗೀ, ಕೇಶ್ವಾಪುರದ ಆಸ್ಪತ್ರೆಯಲ್ಲಿ ರೆಕಾರ್ಡ್ ವಿಭಾಗ ಸೇರಿದ್ದೀ, ಸಂತೋಷ. ಕೋಡ್ ಹಾಕುವುದು ಕೈಗೆ ಬೇಗ ಹತ್ತುತ್ತದೆ. ಮಾನಸಿಕ ಕಾಯಿಲೆಗೆ ಔಷಧ ತಗೊಳ್ಳುವವರಿಗೆ ವಿಪರೀತ ಜ್ವರ ಬಂದ ಫೈಲು ಸಿಕ್ಕಾಗ ಮಾತ್ರ ಆತುರ ಬೇಡ.

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಒಂದು ತೊಡಕಿದೆ. ಔಷಧ ಶುರುವಾಗುವುದು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲೋ ಇನ್ನೆಲ್ಲೋ. ಜ್ವರ ಏರಿದ ರಾತ್ರಿ ಮನೆಯವರು ಓಡಿ ಬರುವುದು ಹತ್ತಿರದ ಕ್ಯಾಜುವಲ್ಟಿಗೆ. ಚೀಟಿ ಅಲ್ಲಿ, ಫೈಲು ಇಲ್ಲಿ. "ಗುಳಿಗಿ ಬಿಟ್ಟು ವಾರ ಆತ್ರಿ" ಅನ್ನುತ್ತಾರೆ. ಹದಿನೈದು ದಿನದ ಹಿಂದೆ ಮಾಡಿಸಿದ ಫ್ಲೂಫೆನಜಿನ್ ಡಿಪೋ, ಅಂದರೆ ವಾರಗಟ್ಟಲೆ ನಿಧಾನವಾಗಿ ಇಳಿಯುವ ಇಂಜೆಕ್ಷನ್, ಇನ್ನೂ ಮೈಯಲ್ಲಿದೆ ಎಂದು ಅವರಿಗೆ ಹೊಳೆಯುವುದಿಲ್ಲ.

ಜ್ವರ, ಕೊರಡಿನಂತೆ ಸೆಟೆದ ಕೈಕಾಲು, ಮಂಕಾದ ಪ್ರಜ್ಞೆ, ಬೆವರು, ಏರಿಳಿಯುವ ಬಿಪಿ, ರಕ್ತದಲ್ಲಿ ಏರಿದ ಸಿಪಿಕೆ ಎಂಬ ಸ್ನಾಯುವಿನ ಕಿಣ್ವ. ಇವೆಲ್ಲ ಕೂಡಿದರೆ ಇಂಥ ಔಷಧಗಳ ದುಷ್ಪರಿಣಾಮವಾದ ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಇರಬಹುದು. ವಿರಳ, ಆದರೆ ಜೀವಕ್ಕೇ ಕುತ್ತು. ಫ್ರಾನ್ಸಿನ ವೈದ್ಯರು 1960ರಲ್ಲೇ, ಹ್ಯಾಲೊಪೆರಿಡಾಲ್ ಹೊಸದಾಗಿದ್ದಾಗ, ಇದನ್ನು ಗುರುತಿಸಿದ್ದರು. ಬಹುಪಾಲು ರೋಗಿಗಳಲ್ಲಿ, ಔಷಧ ಶುರುಮಾಡಿದ ಅಥವಾ ಡೋಸ್ ಏರಿಸಿದ ಎರಡು ವಾರದೊಳಗೆ ಕಾಣಿಸುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್‌ನಿಂದಲೂ ಬರಬಹುದು; ಹಾಗಾಗಿ ಮನೋರೋಗ ವಾರ್ಡಿನ ಫೈಲೇ ಆಗಬೇಕೆಂದಿಲ್ಲ.

ಡಾಕ್ಟರು ಹೆಸರು ಬರೆದಿದ್ದರೆ ಕಷ್ಟವಿಲ್ಲ: ಐಸಿಡಿ-10ರಲ್ಲಿ ಜಿ21.0. ಜೊತೆಗೆ ಔಷಧದ ಕೋಡ್ ಬಿಡಬೇಡ. ಕ್ಲೋರ್‌ಪ್ರೊಮಜಿನ್, ಫ್ಲೂಫೆನಜಿನ್ ಆದರೆ ವೈ49.3; ಹ್ಯಾಲೊಪೆರಿಡಾಲ್ ವೈ49.4, ಒಲಾಂಜಪಿನ್, ರಿಸ್ಪೆರಿಡೋನ್ ವೈ49.5. ಇವು ಡಾಕ್ಟರು ಹೇಳಿದಷ್ಟೇ ತಗೊಂಡಾಗಿನ ಲೆಕ್ಕ. ಮುಷ್ಟಿಗಟ್ಟಲೆ ನುಂಗಿದ್ದರೆ ಅದು ವಿಷಪ್ರಾಶನ, ಟಿ43ಕ್ಕೆ ಹೋಗುತ್ತದೆ. ಇಂಜೆಕ್ಷನ್ ಆದಮೇಲೆ ಕುತ್ತಿಗೆಯಷ್ಟೇ ತಿರುಚಿಕೊಂಡ ಡಿಸ್ಟೋನಿಯಾ ಬೇರೆ, ಜಿ24.0.

ಡಾಕ್ಟರು ಬರೆಯದಿದ್ದರೆ? ನೀನಾಗಿ ಜಿ21.0 ಹಾಕಬೇಡ. ಆರ್50.9 ಹಾಕಿ ಬರೀ ಜ್ವರ ಮಾಡಿ ತಳ್ಳಲೂ ಬೇಡ. ಫೈಲು ಹಿಡಿದು ಹೋಗು. "ಸರ್, ಸಿಪಿಕೆ ಇಷ್ಟಿದೆ, ಈ ಇಂಜೆಕ್ಷನ್ ಆಗಿದೆ, ಡಯಾಗ್ನೋಸಿಸ್ ಏನು ಬರೀತೀರಿ?" ಅಂತ ಕೇಳು. ರೋಗದ ಹೆಸರು ನಿನ್ನ ಬಾಯಿಂದ ಬರುವುದು ಬೇಡ, ಅವರೇ ಬರೆಯಲಿ. ಕೆಲವರು ಸಿಡುಕುತ್ತಾರೆ. ಸಿಡುಕಲಿ ಬಿಡು.

ಕೋಡ್ ಹಾಕಿದರೆ ವರದಿ ಮಾಡಿದಂತಲ್ಲ. ಔಷಧದ ದುಷ್ಪರಿಣಾಮ ತಿಳಿಸಲು ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಫಾರಂ ಬೇರೆಯೇ ಇದೆ. ಉಚಿತ ಫೋನ್ 1800-180-3024. ಈ ರೋಗಿಗೆ ಮತ್ತೆ ಇಂಥ ಔಷಧ ಕೊಡುವ ಮುನ್ನ, ಚೇತರಿಸಿಕೊಂಡು ಕನಿಷ್ಠ ಎರಡು ವಾರವಾದರೂ ಕಾಯುತ್ತಾರೆ. ಡಿಪೋ ಆಗಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಡಿಸ್ಚಾರ್ಜ್ ಕಾರ್ಡಿನಲ್ಲಿ ಯಾವ ಔಷಧದಿಂದ ಹೀಗಾಯಿತು ಎಂಬುದಿದೆಯೇ ನೋಡು, ಇಲ್ಲದಿದ್ದರೆ ಡಾಕ್ಟರ ಕೈಯಲ್ಲಿ ಬರೆಸು. ಧಾರವಾಡಕ್ಕೆ ಹೋಗುವಾಗ ಅದನ್ನು ಮರೆಯದೆ ಒಯ್ಯಿರಿ ಎಂದು ಮನೆಯವರಿಗೆ ಎರಡೆರಡು ಸಲ ಹೇಳಿ ಕಳಿಸು.